ಮೊಬೈಲ್ ವ್ಯಾಪಾರವೂ ಮಾರುವವನ ಹೊಣೆಯೂ

ದಸರೆ ದೀಪಾವಳಿಗಳು ಸಮೀಪಿಸಿದುವೆಂದರೆ ನಮ್ಮ ಪಟ್ಟಣಗಳ ಮೊಬೈಲ್ ಅಂಗಡಿಗಳು ದೀಪತೋರಣಗಳಿಂದ ಕಂಗೊಳಿಸುವುದನ್ನು ವಾಚಕರು ಬಲ್ಲರು. ಆದರೆ ಒಳಗೆ ಬರುವ ಗಿರಾಕಿಯ ರೀತಿಯು ಮೊದಲಿನಂತಿಲ್ಲ. ಅವನು ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾನೆ, ಬೆಲೆ ವಿಚಾರಿಸುತ್ತಾನೆ, ಜೇಬಿನಲ್ಲಿರುವ ಹಳೆಯ ಫೋನನ್ನು ತೆಗೆದು ಆನ್‌ಲೈನ್ ಬೆಲೆಯೊಡನೆ ತಾಳೆ ಹಾಕುತ್ತಾನೆ, 'ಮತ್ತೆ ಬರುತ್ತೇನೆ' ಎಂದು ಹೊರಟುಹೋಗುತ್ತಾನೆ. ಸರಕನ್ನು ತೋರಿಸಿದ ಶ್ರಮ ಒಬ್ಬನದು, ಮಾರಾಟದ ಹಣ ಇನ್ನೊಬ್ಬನದು. ಈ ಮಾರ್ಪಾಟನ್ನು ಕೇವಲ ವರ್ತಕರ ಗೋಳೆಂದು ತಳ್ಳಿಹಾಕುವುದು ತಪ್ಪು; ಕೇವಲ ಪ್ರಗತಿಯೆಂದು ಕೊಂಡಾಡುವುದೂ ಅಷ್ಟೇ ತಪ್ಪು.

ಮೊದಲು ಗಿರಾಕಿಗೆ ಆಗಿರುವ ಲಾಭವನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಹಿಂದೆ ತಾಲ್ಲೂಕು ಪಟ್ಟಣದವನಿಗೆ ಅಂಗಡಿಯಲ್ಲಿದ್ದ ಮೂರು ನಾಲ್ಕು ಮಾದರಿಗಳೇ ಗತಿ. ವರ್ತಕನು ತನಗೆ ಹೆಚ್ಚು ಕಮಿಷನ್ ದೊರೆಯುವ ಫೋನನ್ನೇ ಹೊಗಳುತ್ತಿದ್ದನು. ಬಿಲ್ಲು ಕೇಳಿದರೆ ಮುಖ ಗಂಟಿಕ್ಕುತ್ತಿದ್ದನು. ನಾಲ್ಕು ಕಾಸು ಕಡಿಮೆಗೆ ಬೇಕೆಂದರೆ ಬಸ್ಸು ಹತ್ತಿ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗಬೇಕಾಗಿತ್ತು. ಇಂದು ಬೆಲೆಯು ಗುಟ್ಟಲ್ಲ. ರಾಜಧಾನಿಯವನಿಗೂ ಹಳ್ಳಿಯ ಶಾಲೆಯ ಉಪಾಧ್ಯಾಯನಿಗೂ ಒಂದೇ ಬೆಲೆ ಕಾಣುತ್ತದೆ. ಇದು ಸಣ್ಣ ಉಪಕಾರವಲ್ಲ.

ಈ ಬದಲಾವಣೆಯ ಬೇರು ನಮ್ಮ ನಾಡಿನಲ್ಲಿಯೇ ಇದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುವುದರಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು 2014ರ ಫೆಬ್ರವರಿಯಲ್ಲಿ ಮೋಟೋರೋಲಾ ಕಂಪೆನಿಯ ಮೋಟೋ ಜಿ ಫೋನನ್ನು ತಾನೊಂದೇ ಮಾರಲು ತೊಡಗಿತು. ಅದೇ ವರ್ಷದ ಜುಲೈಯಲ್ಲಿ ಶಿಯೋಮಿ ಕಂಪೆನಿಯ ಫೋನು ಅದೇ ದಾರಿಯಿಂದ ಬಂದಿತು. ಮುಂಚಿತವಾಗಿ ಹೆಸರು ಬರೆಯಿಸಿ ಗೊತ್ತಾದ ಗಳಿಗೆಗಾಗಿ ಕಾದು ಕುಳಿತವರಿಗೆ, ಸರಕು ಕ್ಷಣಮಾತ್ರದಲ್ಲಿ ಮುಗಿದುದೇ ಕಾಣುತ್ತಿತ್ತು. ಪಡಿತರದ ಅಂಗಡಿಯ ಸಾಲು ಮನೆಯೊಳಗೇ ಬಂದು ನಿಂತಂತಾಯಿತು! 2014ರ ಅಕ್ಟೋಬರ್ 6ರ ಮಹಾಮಾರಾಟದಲ್ಲಿ ಉಂಟಾದ ಗೊಂದಲಕ್ಕಾಗಿ ಆ ಸಂಸ್ಥೆಯ ಸ್ಥಾಪಕರೇ ಗಿರಾಕಿಗಳ ಕ್ಷಮೆ ಕೇಳಬೇಕಾಯಿತು. 2018ರಲ್ಲಿ ಅದರ ಬಹುಪಾಲು ಒಡೆತನವು ಅಮೆರಿಕದ ವಾಲ್‌ಮಾರ್ಟ್ ಕಂಪೆನಿಯ ಕೈ ಸೇರಿತು.

ನಮ್ಮ ಆಕ್ಷೇಪಣೆಯು ಇಲ್ಲಿದೆ. ಬೆಲೆಯಲ್ಲಿ ಸ್ಪರ್ಧೆ ನಡೆಯಲಿ, ಸೋತವನು ಅಳಬಾರದು. ಆದರೆ ಸರಕೇ ವರ್ತಕನ ಕೈಗೆ ಸಿಗದಂತೆ ಮಾಡಿ ಅವನನ್ನು ಸ್ಪರ್ಧೆಯಲ್ಲಿ ಸೋತವನೆನ್ನುವುದು ಯಾವ ನ್ಯಾಯ? 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮದಂತೆ, ವಿದೇಶೀ ಬಂಡವಾಳವುಳ್ಳ ಆನ್‌ಲೈನ್ ಮಾರುಕಟ್ಟೆಯು ತನ್ನಲ್ಲಿಯೇ ಮಾರಬೇಕೆಂದು ಯಾರನ್ನೂ ಕಡ್ಡಾಯಪಡಿಸಲಾಗದು. ಆದರೆ ಒತ್ತಾಯವಿಲ್ಲದೆ 'ಸ್ವಂತ ಇಚ್ಛೆಯಿಂದ' ಒಂದೆಡೆಯೇ ಮಾರುತ್ತೇವೆಂದರೆ ಕೇಳುವವರಾರು? 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗವು ಇಂತಹ ಒಪ್ಪಂದಗಳ ಬಗ್ಗೆ ತನಿಖೆಗೆ ಆಜ್ಞೆ ಮಾಡಿತು. ಆ ತನಿಖೆ ನಡೆಯಬಹುದೇ ಎಂಬ ವಾದವೇ ನಮ್ಮ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರ ಆಗಸ್ಟಿನಲ್ಲಿ ತೀರ್ಮಾನವಾಯಿತು. ಅಷ್ಟರಲ್ಲಿ ಆಜ್ಞೆಯ ದಿನ ಹೊಸದಾಗಿದ್ದ ಫೋನು ಹಳತಾಗಿತ್ತು. ಎಷ್ಟೋ ಅಂಗಡಿಕಾರರ ತಾಳ್ಮೆಯೂ ತೀರಿತ್ತು.

ಎರಡನೆಯದು ಹೊಣೆಯ ಮಾತು. ಫೋನು ಕೆಟ್ಟರೆ ಅಂಗಡಿಕಾರನ ಮುಂದೆ ನಿಂತು ಜಗಳವಾಡಬಹುದಾಗಿತ್ತು; ಅವನು ಊರಿನವನು, ನಾಳೆಯೂ ಮುಖ ತೋರಿಸಬೇಕಾದವನು. ಈಗಲಾದರೋ ಮಾರುಕಟ್ಟೆಯು ಮಾರಾಟಗಾರನನ್ನು ತೋರಿಸುತ್ತದೆ, ಮಾರಾಟಗಾರನು ಕಂಪೆನಿಯನ್ನು ತೋರಿಸುತ್ತಾನೆ. ಕಾನೂನು ಇಲ್ಲವೆಂದಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ರಕ್ಷಣಾ ಕಾಯಿದೆಯಂತೆ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಆನ್‌ಲೈನ್ ಸಂಸ್ಥೆಯು ದೂರು ಬಂದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹಾರ ಕಾಣಿಸತಕ್ಕದ್ದು. 1915 ಎಂಬ ಸಹಾಯವಾಣಿಯೂ ಉಂಟು. ಆದರೆ ಜನರಿಗೆ ತಿಳಿಯದ ಹಕ್ಕು ಪೆಟ್ಟಿಗೆಯಲ್ಲಿಟ್ಟ ದೀಪದಂತೆ. ಇವನ್ನು ಸುಲಭವಾದ ಕನ್ನಡದಲ್ಲಿ ಅಚ್ಚುಮಾಡಿಸಿ ತಾಲ್ಲೂಕು ಕಚೇರಿ, ಅಂಚೆ ಕಚೇರಿಗಳಲ್ಲಿ ತೂಗುಹಾಕಿಸುವುದು ಅಧಿಕಾರಿಗಳಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ.

ನಮ್ಮ ವರ್ತಕರಿಗೂ ಒಂದು ಮಾತು. ಹಳೆಯ ದಿನಗಳ ಬೆಲೆ ಮರಳಿ ಬಾರದು. ಹಳೆಯ ದಿನಗಳ ಮರೆಮಾಚುವಿಕೆಯೂ ಬೇಡ. ಬೆಲೆಯನ್ನು ಬರೆದು ತೂಗುಹಾಕಲಿ. ಐಎಂಇಐ ಸಂಖ್ಯೆಯೊಡನೆ ಬಿಲ್ಲು ಕೊಡಲಿ. ಮಾರಿದ ಮೇಲೂ ಗಿರಾಕಿಯನ್ನು ಗುರುತಿಸಲಿ. ಈ ಸೇವೆಯನ್ನು ದೂರದ ಗೋದಾಮು ಕೊಡಲಾರದು. ಗಿರಾಕಿಯೂ ಯೋಚಿಸಲಿ: ಅಂಗಡಿಯನ್ನು ಬರಿಯ ಪ್ರದರ್ಶನಶಾಲೆಯಾಗಿ ಬಳಸಿದರೆ, ಮುಂದೊಂದು ದಿನ ಮುಟ್ಟಿ ನೋಡಲು ಅಂಗಡಿಯೇ ಉಳಿಯದು.

ಆನ್‌ಲೈನ್ ವ್ಯಾಪಾರವನ್ನು ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ಮಾರುಕಟ್ಟೆಗೆ ಬಂದ ಫೋನು ಬಂದ ದಿನವೇ ಎಲ್ಲ ವರ್ತಕರಿಗೂ ದೊರೆಯಬೇಕು. ಮಾರಿದವನು ಯಾರೇ ಆಗಲಿ, ಕೊಂಡವನ ಊರಿನಲ್ಲಿ ಉತ್ತರ ಹೇಳಬೇಕು. ಇವೆರಡನ್ನು ಸರ್ಕಾರವು ಕಾಗದದಿಂದ ಕಾರ್ಯಕ್ಕಿಳಿಸಲಿ. ಯಾರು ಗೆಲ್ಲಬೇಕೆಂಬುದನ್ನು ಆಮೇಲೆ ಗಿರಾಕಿಯೇ ನಿರ್ಧರಿಸಲಿ.