ಊರಿನ ಶಿಲ್ಪ, ಕಂಪನಿಯ ಮುದ್ರೆ

ರಸ್ತೆಯಲ್ಲಿ ನಿಂತ ಶಿಲ್ಪ ಎಲ್ಲರದ್ದು, ಅದನ್ನು ನೋಡಿ ಲೋಗೊ ಮಾಡಿಕೊಂಡರೆ ಯಾರಪ್ಪನ ಗಂಟು ಹೋಯಿತು ಎನ್ನುವವರ ಬಾಯಿಗೆ ಬೀಗವಿಲ್ಲ. ಲೋಗೊ ಆದ ಮೇಲೂ ಅದು ಎಲ್ಲರದ್ದಾಗಿಯೇ ಉಳಿಯುತ್ತದೆಯೇ? ಅದಕ್ಕೆ ಮಾತ್ರ ಅವರಲ್ಲಿ ಉತ್ತರವಿಲ್ಲ.

ಚಂಡೀಗಡದ 'ತೆರೆದ ಕೈ'ಯನ್ನೇ ನೋಡಿ. 26 ಮೀಟರ್ ಎತ್ತರ, ಗಾಳಿ ಬೀಸಿದತ್ತ ತಿರುಗುವ ಲೋಹದ ಕೈ. ಕೈಯೂ ಹೌದು, ರೆಕ್ಕೆ ಬಿಚ್ಚಿದ ಹಕ್ಕಿಯೂ ಹೌದು. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ವರ್ಷಗಟ್ಟಲೆ ತಿದ್ದಿದ ಗೆರೆ ಅದು. ಅವನು 1965ರಲ್ಲಿ ತೀರಿಕೊಂಡ, ಕೈ ಎದ್ದು ನಿಂತದ್ದು 1985ರಲ್ಲಿ. ಇಂಥ ಗೆರೆಯನ್ನು ತುಸು ದಪ್ಪ ಮಾಡಿ, ಒಂದು ಬೆರಳು ಮೊಟಕುಗೊಳಿಸಿ, ಕೆಳಗೆ ಅಂಗಡಿಯ ಹೆಸರು ಬರೆದರೆ ಅದಕ್ಕೆ 'ಸ್ಫೂರ್ತಿ' ಎನ್ನುತ್ತಾರೆ. ನಾನು ಕಳವು ಎನ್ನುತ್ತೇನೆ.

ಸಾರ್ವಜನಿಕ ಸ್ಥಳದಲ್ಲಿ ಕಾಯಂ ಆಗಿರುವ ಶಿಲ್ಪದ ಚಿತ್ರ ಬರೆಯಲು, ಫೋಟೊ ತೆಗೆಯಲು, ಪ್ರಕಟಿಸಲು ನಮ್ಮ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಬಿಟ್ಟಿದೆ. ಬಿಡಲೇಬೇಕು. ಪ್ರವಾಸಿಗೆ, ಪತ್ರಿಕೆಗೆ, ಚಿತ್ರಕಲೆ ಕಲಿಯುವ ಹುಡುಗರಿಗೆ ಅದು ಬೇಕು. ಆದರೆ ಅದೇ ಬಾಗಿಲಲ್ಲಿ ನುಗ್ಗಿದ ಕಂಪನಿ, ಒಳಗೆ ಹೋದ ಮೇಲೆ ಟ್ರೇಡ್‌ಮಾರ್ಕಿನ ಚಿಲಕ ಹಾಕಿಕೊಳ್ಳಲು ನೋಡುತ್ತದೆ. ಲೆಕ್ಕ ಕೇಳಿ: ಶಿಲ್ಪಿಯ ಹಕ್ಕು ಅವನು ಸತ್ತ 60 ವರ್ಷಕ್ಕೆ ಮುಗಿಯುತ್ತದೆ. ಟ್ರೇಡ್‌ಮಾರ್ಕಿನ ನೋಂದಣಿ 10 ವರ್ಷದ್ದು, ಶುಲ್ಕ ಕಟ್ಟಿ ಎಷ್ಟು ಸಲ ಬೇಕಾದರೂ ನವೀಕರಿಸಬಹುದು. ಕೆತ್ತಿದವನಿಗೆ ಗಡುವು, ಎತ್ತಿಕೊಂಡವನಿಗೆ ಗಡುವೇ ಇಲ್ಲ! ಇದು ಯಾವ ಊರಿನ ನ್ಯಾಯ?

ತಮ್ಮ ಸ್ವತ್ತಿನ ವಿಷಯ ಬಂದಾಗ ಉದ್ಯಮಿಗಳು ಎಷ್ಟು ಜಾಗ್ರತೆ ನೋಡಿ. ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಕಟ್ಟಡದ ರೂಪವೇ 2017ರಲ್ಲಿ ಟ್ರೇಡ್‌ಮಾರ್ಕ್ ಆಯಿತು. ಕಟ್ಟಡ ಅವರದ್ದು, ಕಾಪಾಡಿಕೊಳ್ಳಲಿ. ಊರಿನ ಶಿಲ್ಪಕ್ಕೆ ಹಾಗೆ ಕಾವಲು ನಿಲ್ಲುವವರು ಯಾರು?

ಕೋರ್ಟಿಗೆ ಹೋಗಲಿ ಎನ್ನುತ್ತೀರಾ? ಶಿಲ್ಪಿ ಅಮರನಾಥ ಸೆಹಗಲ್ ಹೋದರು. ದೆಹಲಿಯ ವಿಜ್ಞಾನ ಭವನಕ್ಕೆ ಅವರು ಮಾಡಿಕೊಟ್ಟ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರವೇ 1979ರಲ್ಲಿ ಕಿತ್ತು ಉಗ್ರಾಣಕ್ಕೆ ಎಸೆಯಿತು. 1992ರಲ್ಲಿ ದಾವೆ, 2005ರಲ್ಲಿ ತೀರ್ಪು, 5 ಲಕ್ಷ ಪರಿಹಾರ, ಉಳಿದ ಚೂರುಗಳು ವಾಪಸ್. ಹೆಸರಾಂತ ಕಲಾವಿದನಿಗೇ 13 ವರ್ಷ ಹಿಡಿಯಿತು. ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ಉಳಿ ಹಿಡಿದು ಕೂತವರು ಯಾವ ವಕೀಲರ ಮನೆ ಬಾಗಿಲು ತಟ್ಟಬೇಕು?

ನಮ್ಮ ವೃತ್ತಗಳ ಪ್ರತಿಮೆಗಳ ಕೆಳಗಿನ ಕಲ್ಲನ್ನು ಓದಿ ನೋಡಿ. ಉದ್ಘಾಟಿಸಿದ ಮಂತ್ರಿ, ಅಧ್ಯಕ್ಷತೆ ವಹಿಸಿದ ಶಾಸಕರು, 'ಘನ ಉಪಸ್ಥಿತಿ'ಯ ಸಾಲು ಸಾಲು ಹೆಸರು. ಎಷ್ಟೋ ಕಡೆ ಕೆತ್ತಿದವನ ಹೆಸರೇ ಇಲ್ಲ. ಹೆಸರೇ ಹಾಕದ ಸಮಾಜ ಅವನ ಗೆರೆಗೆ ಬೆಲೆ ಕೊಟ್ಟೀತೇ?

ಟ್ರೇಡ್‌ಮಾರ್ಕ್ ಕಚೇರಿ ಅರ್ಜಿಯಲ್ಲೇ ಕೇಳಲಿ: ಈ ಆಕೃತಿ ಯಾವ ಶಿಲ್ಪದ್ದು, ಶಿಲ್ಪಿಯ ಲಿಖಿತ ಒಪ್ಪಿಗೆ ಎಲ್ಲಿ? ಒಪ್ಪಿಗೆ ಇಲ್ಲದಿದ್ದರೆ ಅರ್ಜಿ ತಿರಸ್ಕರಿಸಲಿ. ಹಂಪಿಯ ಕಲ್ಲಿನ ರಥದಂಥ, ಕೇಳಲು ಶಿಲ್ಪಿಯೇ ಇಲ್ಲದ ಕೃತಿಗಳ ಮೇಲೆ ಯಾವ ಕಂಪನಿಗೂ ಏಕಸ್ವಾಮ್ಯ ಕೊಡದಿರಲಿ.