ಹಳೆಯ ಗಾಳದ ಕೋಲಿಗೆ ಹೊಸ ಮೆರುಗೇಕೆ?

ಹಳೆಯ ನಾಣ್ಯ, ಅಂಚೆಚೀಟಿ, ಗಡಿಯಾರಗಳನ್ನು ಕೂಡಿಡುವವರನ್ನು ನಾವೆಲ್ಲರೂ ಬಲ್ಲೆವು. ಇಂಗ್ಲೆಂಡ್, ಅಮೆರಿಕಗಳಲ್ಲಿ ಅಷ್ಟೇ ಶ್ರದ್ಧೆಯಿಂದ ಹಳೆಯ ಬಿದಿರಿನ ಗಾಳದ ಕೋಲುಗಳನ್ನು ಕೂಡಿಡುವವರೂ ಉಂಟು. ಮೀನು ಹಿಡಿಯುವ ಕೋಲಿನಲ್ಲಿ ಕೂಡಿಡತಕ್ಕದ್ದೇನಿದೆ ಎಂದು ವಾಚಕರು ನಗಬಹುದು. ಆದರೆ ನಮ್ಮ ಕೆರೆಯ ದಂಡೆಯಲ್ಲಿ ಹುಡುಗರು ಹಿಡಿದು ಕೂಡುವ ಇಡೀ ಬಿದಿರಿನ ಕೋಲು ಇದಲ್ಲ. ಬಿದಿರನ್ನು ಉದ್ದಕ್ಕೆ ಸೀಳಿ, ಒಂದೊಂದು ದಬ್ಬೆಯನ್ನೂ 60 ಡಿಗ್ರಿ ಕೋನಗಳುಳ್ಳ ತ್ರಿಕೋನಾಕಾರಕ್ಕೆ ಹೆರೆದು, ತುದಿಯತ್ತ ಕ್ರಮವಾಗಿ ಸಣ್ಣದಾಗಿಸಿ, ಅಂಥ ಆರು ದಬ್ಬೆಗಳನ್ನು ಅಂಟಿನಿಂದ ಕೂಡಿಸಿದರೆ ಷಟ್ಕೋನಾಕಾರದ ಸೀಳುಬಿದಿರಿನ ಕೋಲು ಸಿದ್ಧವಾಗುತ್ತದೆ. ಕುಶಲ ಕೈಗಳ ಈ ಕೆಲಸದಲ್ಲಿ ಭೌತಶಾಸ್ತ್ರದ ಒಂದು ಪಾಠವೇ ಅಡಗಿದೆ.

ಪೆನ್ಸಿಲ್ವೇನಿಯದ ಈಸ್ಟನ್ ಎಂಬ ಊರಿನಲ್ಲಿ ಬಂದೂಕು ಮಾಡುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ಪಿ 1840ರ ದಶಕದಲ್ಲಿ ಅಮೆರಿಕದಲ್ಲಿ ಈ ಕಲೆಗೆ ಮೊದಲಿಟ್ಟನೆಂದು ಹೇಳುತ್ತಾರೆ. 1870ರ ದಶಕದಲ್ಲಿ ಹೈರಮ್ ಲೆನರ್ಡ್ ದಬ್ಬೆಗಳನ್ನು ಹೆರೆಯುವ ಯಂತ್ರವೊಂದನ್ನು ರಚಿಸಿದನು. ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟಿದ್ದನಂತೆ. ಇಂಗ್ಲೆಂಡಿನ ಆನಿಕ್ ಪಟ್ಟಣದಲ್ಲಿ ಹಾರ್ಡಿ ಸಹೋದರರು 1872ರಲ್ಲಿ ತೆರೆದ ಕಂಪನಿಯೂ ಇದರಲ್ಲಿ ಹೆಸರು ಮಾಡಿತು. 1950ರ ಕೊನೆಯಲ್ಲಿ ಅಮೆರಿಕವು ಚೀನದೊಡನೆ ವ್ಯಾಪಾರವನ್ನು ನಿಷೇಧಿಸಿದಾಗ ಅಲ್ಲಿಂದ ಬರುತ್ತಿದ್ದ ಬಿದಿರು ನಿಂತಿತು. ಆ ವೇಳೆಗೆ ಗಾಜಿನೆಳೆಯ ಕೋಲುಗಳೂ ಬಂದಿದ್ದುವು. ಬಿದಿರಿನ ಕೋಲು ಅಟ್ಟ ಸೇರಿತು. ಹಾಗೆ ಅಟ್ಟ ಸೇರಿದ ಕೋಲುಗಳೇ ಇಂದು ಸಂಗ್ರಾಹಕರ ಕೈಗೆ ಬರುತ್ತಿವೆ.

ಕೈಗೆ ಬಂದ ಕೋಲು ಯಾರದು, ಯಾವ ಕಾಲದ್ದು? ಹಿಡಿಯ ಬಳಿ ಹೆಸರಿದ್ದರೆ ಪ್ರಶ್ನೆ ತೀರಿತೆಂದು ಹೊಸಬರು ಭಾವಿಸುವುದುಂಟು. ಆದರೆ ಮ್ಯಾಸಚೂಸೆಟ್ಸ್‌ನ ಮಾಂಟಗ್ಯೂ ಕಂಪನಿಯಂಥವು ಅಂಗಡಿಗಳಿಗಾಗಿ ಅಂಗಡಿಗಳ ಹೆಸರಿನಲ್ಲಿಯೇ ಕೋಲುಗಳನ್ನು ಮಾಡಿಕೊಟ್ಟಿವೆ; ಅಲ್ಲಿರುವ ಹೆಸರು ಮಾರಿದವನದು, ಮಾಡಿದವನದಲ್ಲ. ಲೋಹದ ಮೇಲೆ ಪೇಟೆಂಟಿನ ವರ್ಷ ಒತ್ತಿದ್ದರೆ ಕೋಲು ಅದಕ್ಕೆ ಹಿಂದಿನದಲ್ಲ ಎಂದಷ್ಟೇ ತಿಳಿಯುತ್ತದೆ. ಅದೇ ವರ್ಷದ್ದೆಂದು ತಿಳಿಯುವುದಿಲ್ಲ. ಆದರೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದುದು’ ಎಂಬರ್ಥದ ಮುದ್ರೆಯುಳ್ಳ ಅಗ್ಗದ ಕೋಲುಗಳು 1945ರಿಂದ 1952ರವರೆಗಿನ ಅವಧಿಗೆ ಸೇರಿದವು. ಇಲ್ಲಿ ಕಾಲದ ಎರಡೆಲ್ಲೆಗಳೂ ದೊರೆತುವು. ಒಂದು ಸಾಕ್ಷ್ಯವು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ಅರಿಯುವುದೇ ಗುರುತಿಸುವಿಕೆಯ ಮೊದಲ ಮೆಟ್ಟಿಲು.

ಹೆಸರಿಗಿಂತ ಕೋಲಿನ ಮೈಯೇ ಹೆಚ್ಚು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೋಲುಗಳಿಗೆ ನಮ್ಮ ದೇಶದಿಂದ ಹೋದ ‘ಕಲ್ಕತ್ತ ಬಿದಿರು’ ಒದಗುತ್ತಿತ್ತು. ಅದರ ಮೇಲೆ ಅಲ್ಲಲ್ಲಿ ಬೆಂಕಿಯಿಂದ ಸುಟ್ಟ ಗುರುತುಗಳಿರುತ್ತವೆ. ಮುಂದೆ ಅದರ ಸ್ಥಾನವನ್ನು ‘ಟಾಂಕಿನ್ ಬಿದಿರು’ ಆಕ್ರಮಿಸಿತು. ಹೆಸರಿನಿಂದ ಮೋಸಹೋಗಬಾರದು: ಅದು ವಿಯಟ್ನಾಮಿನ ಟಾಂಕಿನ್ ಪ್ರಾಂತದ್ದಲ್ಲ, ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ್ದು. ಸಸ್ಯವಿಜ್ಞಾನಿ ಮೆಕ್ಲೂರ್ 1931ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಸುಟ್ಟ ಗುರುತೊಂದನ್ನೇ ನಂಬುವಂತೆಯೂ ಇಲ್ಲ. ಟಾಂಕಿನ್ ಬಿದಿರನ್ನೂ ಬಣ್ಣಕ್ಕಾಗಿ ಬೆಂಕಿಗೆ ಹಿಡಿದವರುಂಟು. ಇನ್ನು ಕೋಲಿನುದ್ದಕ್ಕೂ ಅಂಗುಲಕ್ಕೊಂದರಂತೆ ರೇಷ್ಮೆ ನೂಲಿನ ಸುತ್ತುಗಳಿದ್ದರೆ, ಅದು ಬಹುಮಟ್ಟಿಗೆ ಪ್ರಾಣಿಗಳ ಚರ್ಮ ಮೂಳೆಗಳಿಂದ ಮಾಡಿದ ಅಂಟಿನ ಕಾಲದ್ದು. ಆ ಅಂಟು ತೇವಕ್ಕೆ ಬಿಡುತ್ತಿತ್ತಾದುದರಿಂದ ನೂಲಿನ ಆಸರೆ ಬೇಕಾಗಿತ್ತು; ಉತ್ತಮವಾದ ಅಂಟುಗಳು ಬಂದ ಮೇಲೆ ಆ ಸುತ್ತುಗಳು ಮರೆಯಾದುವು. ತುಂಡುಗಳನ್ನು ಒಂದಕ್ಕೊಂದು ಕೂಡಿಸುವ ಲೋಹದ ಕೊಳವೆ ಸವೆದ ಕಡೆ ಹಳದಿಯಾಗಿದ್ದರೆ ಅದು ನಿಕ್ಕಲ್ ಲೇಪನದ ಹಿತ್ತಾಳೆ. ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ ಜರ್ಮನ್ ಸಿಲ್ವರ್ ಇರಬಹುದು. ಗೆಣ್ಣುಗಳನ್ನೂ ನೋಡಬೇಕು. ಆರು ದಬ್ಬೆಗಳ ಗೆಣ್ಣುಗಳು ಒಂದೆಡೆ ಸೇರಿದರೆ ಕೋಲು ಅಲ್ಲಿ ದುರ್ಬಲವಾಗುವುದರಿಂದ, ಅವನ್ನು ಹಿಂದುಮುಂದಾಗಿ ಜೋಡಿಸುತ್ತಾರೆ. ಆ ಜೋಡಣೆಯಲ್ಲಿ ಒಬ್ಬೊಬ್ಬ ಕುಶಲಿಯದು ಒಂದೊಂದು ರೂಢಿ. ಕೊನೆಯದಾಗಿ, ತುಂಡುಗಳನ್ನು ಒಟ್ಟಿಗೆ ಮಲಗಿಸಿ ನೋಡಿದಾಗ ಒಂದು ಮಾತ್ರ ಗಿಡ್ಡವಾಗಿದ್ದರೆ, ಅದು ಎಂದೋ ಮುರಿದಿರುವ ಸಂಭವವೇ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದ ಸಾಕ್ಷಿ ಕೋಲಿನ ದಪ್ಪ. ಬುಡದಿಂದ ತುದಿಯವರೆಗೆ ದಪ್ಪವು ಇಳಿಯುವ ಕ್ರಮವೇ ಕೋಲಿನ ಸ್ವಭಾವವನ್ನು ನಿರ್ಣಯಿಸುತ್ತದೆ. ಬಲ್ಲವರು ಐದೈದು ಅಂಗುಲಕ್ಕೊಮ್ಮೆ, ಷಟ್ಕೋನದ ಎದುರುಬದುರು ಮುಖಗಳ ನಡುವಣ ದೂರವನ್ನು ಮೂರು ದಿಕ್ಕುಗಳಲ್ಲಿಯೂ ಅಳೆಯುತ್ತಾರೆ. ವೃತ್ತಿಯಿಂದ ಎಂಜಿನಿಯರಾಗಿದ್ದ ಎವರೆಟ್ ಗ್ಯಾರಿಸನ್ 1930ರ ದಶಕದಲ್ಲಿಯೇ ಕೋಲಿನ ಪ್ರತಿಯೊಂದು ಭಾಗದ ಮೇಲೂ ಬೀಳುವ ಒತ್ತಡವನ್ನು ಲೆಕ್ಕ ಹಾಕಿ ಈ ಕ್ರಮವನ್ನು ಗೊತ್ತುಮಾಡುತ್ತಿದ್ದನು. ಬಾಗುವಿಕೆಗೆ ಕೋಲು ತೋರುವ ಬಿಗಿತವು ದಪ್ಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತುದಿಯ ಬಳಿ ಕೋಲಿನ ದಪ್ಪ 0.070 ಅಂಗುಲವಿದೆಯೆನ್ನೋಣ. ಒಂದೊಂದು ಮುಖದಿಂದಲೂ 0.002 ಅಂಗುಲದಷ್ಟು ಬಿದಿರನ್ನು ಮರಳುಕಾಗದದಿಂದ ಉಜ್ಜಿ ತೆಗೆದರೆ ಉಳಿಯುವುದು 0.066. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: ಅಲ್ಲಿನ ಬಿಗಿತ ಶೇಕಡಾ 21ರಷ್ಟು ಕುಗ್ಗುತ್ತದೆ! ವಾಸ್ತವದಲ್ಲಿ ನಷ್ಟ ಇನ್ನೂ ಹೆಚ್ಚು. ಏಕೆಂದರೆ ಬಿದಿರಿನ ಬಲವಾದ ನಾರುಗಳು ಹೊರಸಿಪ್ಪೆಯ ಕೆಳಗೇ ಒತ್ತಾಗಿರುತ್ತವೆ. ಬುಟ್ಟಿ ಹೆಣೆಯುವ ನಮ್ಮ ಮೇದಾರರಿಗೆ ಇದು ತಿಳಿಯದ ವಿಷಯವಲ್ಲ.

ಆದಕಾರಣ, ಕೈಗೆ ಬಂದ ಹಳೆಯ ಕೋಲನ್ನು ಕೂಡಲೇ ಉಜ್ಜಿ, ಹೊಸ ವಾರ್ನಿಷ್ ಬಳಿದು, ಹೊಸ ನೂಲು ಸುತ್ತಿ ಮೆರೆಸುವ ಅಭ್ಯಾಸವನ್ನು ನಾವು ಒಪ್ಪಲಾರೆವು. ಹಾಗೆ ಉಜ್ಜಿದಾಗ ದಪ್ಪ ಕೆಡುತ್ತದೆ, ನೂಲಿನ ಮೂಲ ಬಣ್ಣ ಹೋಗುತ್ತದೆ; ಗ್ಯಾರಿಸನ್ನನಂಥವರು ಬಿದಿರಿನ ಮೇಲೆ ಮಸಿಯಲ್ಲಿ ಬರೆದ ರುಜುವೂ ಕ್ರಮಾಂಕವೂ ಅಳಿಸಿಹೋಗಬಹುದು. ಕೋಲು ಮೀನು ಹಿಡಿಯುವುದಕ್ಕಾಗಿ ಇರುವುದು, ವಾರ್ನಿಷ್ ಬಿರಿದ ಕಡೆ ನೀರು ಹೊಕ್ಕರೆ ಅಂಟು ಬಿಡುವುದಿಲ್ಲವೆ, ದುರಸ್ತಿ ಮಾಡದೆ ಇಟ್ಟುಕೊಳ್ಳುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪಣೆ ನ್ಯಾಯವಾದುದೇ. ದುರಸ್ತಿ ಬೇಡವೆಂದು ನಾವು ಹೇಳುತ್ತಿಲ್ಲ. ಅಳೆಯದೆ ದುರಸ್ತಿ ಬೇಡವೆನ್ನುತ್ತೇವೆ. ಮೊದಲು ಅಳತೆ, ಛಾಯಾಚಿತ್ರ, ನೂಲಿನ ಬಣ್ಣ ಮತ್ತು ಅಂತರಗಳ ಟಿಪ್ಪಣಿ; ಅನಂತರ ದುರಸ್ತಿ, ಅದೂ ಅಗತ್ಯವಿದ್ದಷ್ಟು. ಏನನ್ನು ಬದಲಾಯಿಸಿದೆವೆಂಬುದನ್ನೂ ಬರೆದು ಕೋಲಿನ ಚೀಲದಲ್ಲಿಯೇ ಇಡುವುದು ಲೇಸು.

ಇದರಿಂದ ಯಾರಿಗೇನು ಲಾಭ? ಬೀಗ ಹಾಕಿದ ಕೋಣೆಗಳಲ್ಲಿ ಕೆಲಸ ನಡೆಸಿದವರು ತಮ್ಮ ಅಳತೆಗಳನ್ನು ಲೋಕಕ್ಕೆ ಬಿಟ್ಟುಕೊಡಲಿಲ್ಲ. ಅವರ ತಿಳಿವಳಿಕೆಯಲ್ಲಿ ಬಹುಭಾಗ ಉಳಿದಿರುವುದು ಆ ಕೋಲುಗಳಲ್ಲಿಯೇ. ಅಳತೆಯೊಂದು ಕಾಗದದ ಮೇಲೆ ಇದ್ದರೆ, ಕೋಲು ನಾಳೆ ಮುರಿದರೂ ಇನ್ನೊಬ್ಬ ಕುಶಲಿ ಅದರಂಥ ಮತ್ತೊಂದನ್ನು ಮಾಡಬಲ್ಲನು. ಇಂದಿನ ಕುಶಲಿಗಳು ಹಳಬರ ಎಷ್ಟೋ ಕೋಲುಗಳನ್ನು ಹೀಗೆಯೇ ಮತ್ತೆ ಮಾಡುತ್ತಿದ್ದಾರೆ. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಕಾಲೇಜಿನ ಮೊದಲ ವರ್ಷದಲ್ಲಿ ತಂತಿಯ ದಪ್ಪವನ್ನು ಅಳೆಯಲು ವಿದ್ಯಾರ್ಥಿಗಳ ಕೈಗೆ ಕೊಡುವ ಸ್ಕ್ರೂಗೇಜು, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ಇಷ್ಟಿದ್ದರೆ ಸಾಕು.