ಬಾಯಿಚಪಲವೆಂಬ ಆರೋಪ ಇನ್ನು ಸಾಕು

ದಪ್ಪಗಿರುವವರಿಗೆ ಶುಗರ್ ಬಂತೆಂದರೆ ನಮ್ಮ ತೀರ್ಪು ಸಿದ್ಧವಾಗಿರುತ್ತದೆ: "ಬಾಯಿ ಕಟ್ಟಲಿಲ್ಲ, ಅನುಭವಿಸಲಿ." ನೆಂಟರಿಷ್ಟರು ಹೀಗನ್ನುತ್ತಾರೆ, ಕೆಲವು ವೈದ್ಯರೂ ಅನ್ನುತ್ತಾರೆ. ದಯವಿಟ್ಟು ನಿಲ್ಲಿಸೋಣ. ಕಾಯಿಲೆಯಿಂದ ಬೆಂದವರನ್ನು ಮಾತಿನಿಂದಲೂ ಸುಡುವ ಹಕ್ಕು ನಮಗೆ ಯಾರು ಕೊಟ್ಟರು?

ಚರ್ಮದಡಿಯ ಕೊಬ್ಬು ದೇಹದ ಕಣಜ. ಅದು ತುಂಬಿದಾಗ, ಅಥವಾ ಮೊದಲಿನಿಂದಲೂ ಕಿರಿದಾಗಿದ್ದಾಗ, ಕೊಬ್ಬಿನಾಮ್ಲಗಳು ಯಕೃತ್ತಿಗೂ ಸ್ನಾಯುಗಳಿಗೂ ನುಗ್ಗುತ್ತವೆ. ಕೊಬ್ಬಿನಾಮ್ಲವನ್ನು ಉರಿಸುತ್ತಿರುವ ಸ್ನಾಯು ಗ್ಲೂಕೋಸನ್ನು ಬದಿಗಿಡುತ್ತದೆ ಎಂದು ವಿಜ್ಞಾನಿ ಫಿಲಿಪ್ ರ್ಯಾಂಡಲ್ 1963ರಲ್ಲೇ ವಾದಿಸಿದ್ದರು. ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಬಳಗ ಇನ್ನೂ ಆಳಕ್ಕಿಳಿದು, ಜೀವಕೋಶದೊಳಗೆ ಶೇಖರವಾಗುವ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸಂದೇಶಕ್ಕೇ ಅಡ್ಡ ನಿಲ್ಲುತ್ತದೆ ಎಂದು ತೋರಿಸಿತು. ಆರೋಗ್ಯವಂತರ ರಕ್ತಕ್ಕೆ ಕೊಬ್ಬನ್ನು ಹನಿಹನಿಯಾಗಿ ಬಿಟ್ಟರೂ ಕೆಲವೇ ಗಂಟೆಗಳಲ್ಲಿ ಅವರ ಸ್ನಾಯುಗಳು ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಅಲ್ಲಿ ಯಾರ ಬಾಯಿಚಪಲ ಇತ್ತು? ಕೊಬ್ಬು ಕರಗಿ ರಕ್ತ ಸೇರದಂತೆ ತಡೆಯುವುದೂ ಇನ್ಸುಲಿನ್‌ನ ಕೆಲಸವೇ. ಅದರ ಹಿಡಿತ ಸಡಿಲವಾದರೆ ಇನ್ನಷ್ಟು ಕೊಬ್ಬಿನಾಮ್ಲ ಹೊರಬರುತ್ತದೆ, ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಈ ಸುಳಿಗೆ ಸಿಕ್ಕವರಿಗೆ ಬೇಕಾದದ್ದು ಚಿಕಿತ್ಸೆ, ಬೈಗುಳವಲ್ಲ.

ಸಣಕಲು ಮೈಯವರೂ ನಿಶ್ಚಿಂತರಾಗುವಂತಿಲ್ಲ. ವೈದ್ಯ ಸಂಶೋಧಕರಾದ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಜಗತ್ತಿನ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರಿಗೂ 22.3, ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ 21.2. ನಮ್ಮವರ ಅಪಾಯ ತೂಕದ ಯಂತ್ರದ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ವೈದ್ಯರೇ, ಟೇಪು ಹಿಡಿದು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಸಿ, ಗದರಬೇಡಿ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ, 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು 2023ರ ಐಸಿಎಂಆರ್ ಅಧ್ಯಯನ ಹೇಳಿತು. ಇಷ್ಟು ಜನ ಒಟ್ಟಿಗೇ ಸೋಮಾರಿಗಳಾದರೆಂದು ನಂಬುವುದು ಹೇಗೆ?

ಇನ್ನು ದುಡಿಸಿಕೊಳ್ಳುವವರಿಗೆ ಒಂದು ಮಾತು. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ನಡಿಗೆಯ ಬಲ ಅಷ್ಟು ದೊಡ್ಡದು. ಆದರೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳಿಗೆ "ವಾಕಿಂಗ್ ಮಾಡಿ" ಎಂದು ಚೀಟಿ ಬರೆದುಕೊಟ್ಟರೆ ಅವರು ನಡೆಯುವುದು ಯಾವ ಹೊತ್ತಿನಲ್ಲಿ? ಆ ಹೊತ್ತನ್ನು ನೀವು ಕೊಡಬೇಕು. ಊಟವಾದ ಮೇಲೆ ಹತ್ತು ನಿಮಿಷ, ಸಂಬಳ ಕಡಿಯದೆ.